ಮಿಶನ್ ದ್ರಾಕ್ಷಿಯ ದಾಯಾದಿಗಳು

ಹೋದ ದೀಪಾವಳಿಗೆ ಫ್ರೀಮಾಂಟಿನ ಸದಸ್ಯರೊಬ್ಬರ ಮನೆಯಲ್ಲಿ ನಾವು ಹತ್ತು ಹನ್ನೆರಡು ಸಂಸಾರದವರು ಕಲೆತಿದ್ದೆವು. ಊಟ ಎಂದಿನಂತೆ ಮನೆಗೊಂದು ಪಾತ್ರೆಯ ಲೆಕ್ಕ. ಬಿಸಿಬೇಳೆ ಭಾತು, ಎಣ್ಣೆಗಾಯಿ, ಕೋಸಂಬರಿ, ಹೋಳಿಗೆಗಳ ನಡುವೆ, ಈಚೆಗೆ ಬಂದ ದಂಪತಿಗಳು ತಂದಿಟ್ಟ ಅರ್ಜೆಂಟೀನಾ ದೇಶದ ಕೆಂಪು ವೈನಿನ ಸೀಸೆಯೂ ಒಂದಿತ್ತು. ಮಗಳ ಬಾಣಂತನಕ್ಕೆಂದು ಪತ್ನೀಸಮೇತರಾಗಿ ದೇವನಹಳ್ಳಿಯ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು ಸೀಸೆಯ ಚೀಟಿ ಓದಿದರು. "ನಾಪಾ ಇಲ್ಲೇ ಪಕ್ಕದಲ್ಲಿದೆ ಅಂತೀರಿ. ಅಷ್ಟು ದೂರದಿಂದ ಯಾಕಪ್ಪಾ ತರಿಸಿಕೊಳ್ತೀರಿ? ಅವರೂ ನಿಮ್ಮ ಕ್ಯಾಲಿಫೋರ್ನಿಯಾದವರನ್ನ ನೋಡಿ ಕಲಿತವರೇ ತಾನೆ?" ಎಂದು ಕೇಳಿದರು. ಅಲ್ಲಿದ್ದವರಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. "ನೀವು ಪತ್ರಿಕೆಗೆ ಬರೆದುಬಿಡಿ" ಎಂದು ಕೆಲಸವನ್ನು ನಮ್ಮ ತಲೆಗೆ ಕಟ್ಟಿದರು. ನಮ್ಮ ಸದಸ್ಯರಲ್ಲಿ ವೈನನ್ನು ಮುಟ್ಟದವರೇ ಹೆಚ್ಚೆಂದು ಬಲ್ಲೆವು. ಈ ಬರಹದಲ್ಲಿ ಕುಡಿಯುವುದಕ್ಕಿಂತ ತಿಳಿಯುವುದೇ ಹೆಚ್ಚಾದ್ದರಿಂದ ಅವರೂ ಓದಬಹುದು.

ಹಿರಿಯರು ಕೇಳಿದ್ದರ ಉತ್ತರ ಆ ಮನೆಯಿಂದ ಕೂಗಳತೆಯಲ್ಲೇ ಇತ್ತು. ಫ್ರೀಮಾಂಟಿನ ಗುಡ್ಡದ ಬುಡದಲ್ಲಿರುವ ಮಿಶನ್ ಸ್ಯಾನ್ ಹೊಸೆಯನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಮಕ್ಕಳು ನಾಲ್ಕನೆಯ ತರಗತಿಗೆ ಬಂದರೆ ರಟ್ಟಿನಲ್ಲೋ ಸಕ್ಕರೆ ಬಿಲ್ಲೆಯಲ್ಲೋ ಮಿಶನ್ ಕಟ್ಟುವುದು ಬಹುಕಾಲ ನಡೆದುಬಂದ ರೂಢಿ. ಅಂಟು ಒಣಗಲೆಂದು ರಾತ್ರಿ ಹನ್ನೊಂದರವರೆಗೆ ಎದ್ದು ಕೂತಿದ್ದ ತಾಯಿತಂದೆಯರು ನಮ್ಮ ಕೂಟದಲ್ಲಿ ಅನೇಕರಿದ್ದಾರೆ. ಆ ಮಿಶನ್ ಸ್ಥಾಪನೆಯಾದದ್ದು 1797ರಲ್ಲಿ. ಸಾಂಟಾ ಕ್ಲಾರಾದ್ದು ಅದಕ್ಕೆ ಇಪ್ಪತ್ತು ವರ್ಷ ಮುಂಚೆ, 1777ರಲ್ಲಿ. ಸ್ಪೇನಿನ ಪಾದ್ರಿಗಳ ಪೂಜೆಗೆ ದ್ರಾಕ್ಷಾರಸ ಇಲ್ಲದೆ ಆಗದು. ಹಡಗಿನಲ್ಲಿ ತರಿಸಿದ್ದು ದಾರಿಯಲ್ಲೇ ಹುಳಿತು ಹೋಗುತ್ತಿತ್ತು. ಆದ್ದರಿಂದ ಹೋದಲ್ಲೆಲ್ಲ ದ್ರಾಕ್ಷಿಯ ಕಡ್ಡಿ ನೆಟ್ಟರು. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1780ರ ಹೊತ್ತಿಗೆ ಆರಂಭವಾದ ಈ ಕೃಷಿಯಲ್ಲಿ ಇದ್ದದ್ದು ಒಂದೇ ಕರಿದ್ರಾಕ್ಷಿ. ಅದಕ್ಕೆ ಇಲ್ಲಿನವರು ಇಟ್ಟ ಹೆಸರು ಮಿಶನ್.

ಇದೇ ಬಳ್ಳಿಯನ್ನು ಚಿಲಿಯವರು ಪಾಯಿಸ್ ಎನ್ನುತ್ತಾರೆ, ಅರ್ಜೆಂಟೀನಾದವರು ಕ್ರಿಯೋಜ಼ಾ ಚಿಕಾ ಎನ್ನುತ್ತಾರೆ. ಹೋಲಿಕೆ ಇರುವ ಬಳ್ಳಿ ಎಂದಲ್ಲ, ಅದೇ ಬಳ್ಳಿ. 2007ರಲ್ಲಿ ಮ್ಯಾಡ್ರಿಡ್‌ನ ವಿಜ್ಞಾನಿಗಳು ಡಿ.ಎನ್.ಎ. ಪರೀಕ್ಷೆಯಿಂದ, ಇವೆಲ್ಲವೂ ಸ್ಪೇನಿನ ಲಿಸ್ತಾನ್ ಪ್ರಿಯೆತೊ ಎಂಬ ಒಂದೇ ದ್ರಾಕ್ಷಿ ಎಂದು ತೋರಿಸಿದರು. ಬೀಜದಿಂದ ಹುಟ್ಟಿದ ದ್ರಾಕ್ಷಿ ತಾಯಿಯ ಹಾಗಿರುವುದಿಲ್ಲ; ಕಡ್ಡಿ ನೆಟ್ಟರೆ ಮಾತ್ರ ಅದೇ ಗಿಡ ಮುಂದುವರಿಯುತ್ತದೆ. ನಮ್ಮ ತಾಯಂದಿರು ತೌರಿನ ದಾಸವಾಳದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಗಂಡನ ಮನೆಗೆ ಒಯ್ಯುತ್ತಿದ್ದರಲ್ಲ, ಹಾಗೆಯೇ ಯಾರೋ ಈ ಕಡ್ಡಿಗಳನ್ನು ಸಮುದ್ರ ದಾಟಿಸಿದರು. ತಮಾಷೆಯೆಂದರೆ ಸ್ಪೇನಿನ ಒಳನಾಡಿನಲ್ಲಿ ಅದು ಹೆಚ್ಚುಕಡಿಮೆ ಅಳಿದುಹೋಗಿ, ಕೆನೇರಿ ದ್ವೀಪಗಳಲ್ಲಷ್ಟೇ ಉಳಿದುಕೊಂಡಿದೆ. ಬಿಟ್ಟು ಬಂದ ಊರಿನಲ್ಲಿ ಇಲ್ಲದ್ದು ಹೋದ ಊರಿನಲ್ಲಿ ಉಳಿಯುವುದು ನಮ್ಮವರಿಗೂ ಹೊಸ ವಿಷಯವಲ್ಲ.

ಇನ್ನು ಯಾರು ಯಾರಿಗೆ ಗುರು ಎಂಬ ಪ್ರಶ್ನೆ. ಚಿಲಿಯಲ್ಲಿ ಈ ದ್ರಾಕ್ಷಿ ನೆಟ್ಟದ್ದು 1550ರ ದಶಕದಲ್ಲಿ. ಪೆರುವಿನಲ್ಲಿ ಅದಕ್ಕೂ ಕೊಂಚ ಮೊದಲು. ಅಂಡೀಸ್ ಪರ್ವತದ ಆಚೆ ಬದಿಯ ಮೆಂಡೋಸಾ ಊರು ಹುಟ್ಟಿದ್ದೇ 1561ರಲ್ಲಿ, ಚಿಲಿಯಿಂದ ಬಂದವರ ಕೈಯಲ್ಲಿ. ಎಂದರೆ ಕ್ಯಾಲಿಫೋರ್ನಿಯಾಕ್ಕಿಂತ ಸುಮಾರು ಇನ್ನೂರಿಪ್ಪತ್ತು ವರ್ಷ ಹಿಂದಿನ ಮಾತು. ತಾಳೀಕೋಟೆಯ ಯುದ್ಧ ಇನ್ನೂ ನಡೆದಿರಲಿಲ್ಲ. ಅಲ್ಲಿನ ವೈನು ಎಷ್ಟು ಚೆನ್ನಾಗಿ ಸಾಗಿತೆಂದರೆ ಸ್ಪೇನಿನ ವ್ಯಾಪಾರಿಗಳಿಗೆ ಕಸಿವಿಸಿಯಾಗಿ, ದೊರೆ ಎರಡನೆಯ ಫಿಲಿಪ್ 1595ರಲ್ಲಿ ಅಮೆರಿಕದಲ್ಲಿ ಹೊಸ ದ್ರಾಕ್ಷಿ ತೋಟ ಹಾಕಕೂಡದೆಂದು ಆಜ್ಞೆ ಹೊರಡಿಸಿದ. ಆಜ್ಞೆ ಕಾಗದದ ಮೇಲೇ ಉಳಿಯಿತು. ಮ್ಯಾಂಚೆಸ್ಟರ್ ಬಟ್ಟೆಯ ಕಥೆ ಕೇಳಿ ಬೆಳೆದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳ ಸಕ್ಕರೆ ಮಿಶನ್ನಿನಲ್ಲಿ ಕಾಣದ ಒಂದು ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಮಿಶನ್ನಿನ ಹಣ್ಣು ಕೊಯ್ದವರೂ ತುಳಿದವರೂ ಪಾದ್ರಿಗಳಲ್ಲ. ಈ ಕೊಲ್ಲಿಯ ಮೂಲನಿವಾಸಿಗಳಾದ ಓಲೋನಿ ಜನ, ಅವರ ಜೊತೆ ಒಳನಾಡಿನ ಮಿವೋಕ್ ಮತ್ತು ಯೋಕುಟ್ಸ್ ಜನ. ಒಮ್ಮೆ ದೀಕ್ಷೆ ಕೊಟ್ಟ ಮೇಲೆ ಅವರು ಮಿಶನ್ ಬಿಟ್ಟು ಹೋಗುವಂತಿರಲಿಲ್ಲ; ಹೋದರೆ ಸೈನಿಕರು ಹಿಡಿದು ತರುತ್ತಿದ್ದರು. ದಡಾರ ಮುಂತಾದ ರೋಗಗಳಿಂದ ಸಾವಿರಾರು ಮಂದಿ ಸತ್ತರು. ಸ್ಯಾನ್ ಹೊಸೆ ಮಿಶನ್ನಿನಲ್ಲಿ ಮುಖಂಡನಾಗಿದ್ದ ಎಸ್ತನಿಸ್ಲಾವ್ ಎಂಬ ಯೋಕುಟ್ಸ್ ಮನುಷ್ಯ ತನ್ನ ಜನರೊಡನೆ ಹೊರಟುಹೋಗಿ ದಂಗೆಯೆದ್ದ. 1829ರಲ್ಲಿ ಅವನ ಮೇಲೆ ಪಡೆ ಕರೆದೊಯ್ದವನು ಮರಿಯಾನೊ ವಯೇಹೊ. ಮುಂದೆ ಸೊನೋಮದಲ್ಲಿ ಜಮೀನ್ದಾರನಾಗಿ, ಉತ್ತರ ಕ್ಯಾಲಿಫೋರ್ನಿಯಾದ ದ್ರಾಕ್ಷಿ ಬೆಳೆಗಾರರಲ್ಲಿ ಮೊದಲ ಸಾಲಿಗೆ ಬಂದವನೂ ಇವನೇ. ಅವನ ಹೆಸರಿನಲ್ಲಿ ಒಂದು ಪಟ್ಟಣವಿದೆ; ಎಸ್ತನಿಸ್ಲಾವ್‌ನ ಹೆಸರು ಸ್ಟ್ಯಾನಿಸ್ಲಾಸ್ ನದಿಗೂ ಕೌಂಟಿಗೂ ಉಳಿದಿದೆ. ಯೊಸೆಮಿಟಿಗೆ ಹೋಗುವಾಗ ನಮ್ಮಲ್ಲಿ ಅನೇಕರು ಆ ಕೌಂಟಿಯನ್ನು ಹಾದುಹೋಗುತ್ತೇವೆ. ದಕ್ಷಿಣದಲ್ಲೂ ಇದೇ ಬಗೆ. ಪೆರುವಿನ ಕರಾವಳಿಯ ತೋಟಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರು ದುಡಿದರು. ಮೆಂಡೋಸಾದ ಹುವಾರ್ಪೆ ಜನರನ್ನು ಅಂಡೀಸ್ ದಾಟಿಸಿ ಚಿಲಿಯ ದುಡಿತಕ್ಕೆ ಒಯ್ದರು.

1848ರಲ್ಲಿ ಇಲ್ಲಿ ಚಿನ್ನ ಸಿಕ್ಕಿತಲ್ಲ, ಆ ಸುದ್ದಿ ಹಡಗಿನಲ್ಲಿ ವಾಲ್ಪರೈಸೊ ಬಂದರಿಗೆ ಬೇಗ ಮುಟ್ಟಿತು. ಅಮೆರಿಕದ ಪೂರ್ವ ಕರಾವಳಿಯ ಜನ ಗಾಡಿ ಕಟ್ಟುವ ಮೊದಲೇ ಚಿಲಿ, ಪೆರುಗಳ ಜನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಿದ್ದರು. ಟೆಲಿಗ್ರಾಫ್ ಗುಡ್ಡದ ಬುಡದಲ್ಲಿ ಗುಡಾರ ಹಾಕಿಕೊಂಡ ಅವರ ಕೇರಿಗೆ ಪುಟ್ಟ ಚಿಲಿ ಎಂದೇ ಹೆಸರಾಯಿತು. 1849ರ ಜುಲೈ 15ರಂದು ಹೌಂಡ್ಸ್ ಎಂಬ ಪುಂಡರ ಗುಂಪು ಆ ಕೇರಿಗೆ ನುಗ್ಗಿ ಹೊಡೆದು ದೋಚಿತು. ಊರಿನವರೇ ಸಭೆ ಸೇರಿ, ಚಂದಾ ಎತ್ತಿ, ಆ ಪುಂಡರನ್ನು ಹಿಡಿದು ವಿಚಾರಣೆ ಮಾಡಿದರೆಂಬುದು ಸಮಾಧಾನದ ಮಾತು. ಆದರೆ ಮರುವರ್ಷವೇ ಸರ್ಕಾರ ಪರದೇಶದ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹಾಕಿ, ಪುಂಡರು ಮಾಡಲಾಗದ್ದನ್ನು ಕಾನೂನಿನಿಂದ ಮಾಡಿತು. ಬಹಳ ಮಂದಿ ಊರಿಗೆ ಮರಳಿದರು.

ಅವರು ಹೋದರೂ ಅವರ ಕಡೆಯ ಒಂದು ಪಾನೀಯ ಉಳಿಯಿತು. ಅದು ಪಿಸ್ಕೊ, ಪೆರುವಿನ ದ್ರಾಕ್ಷಿ ಸಾರಾಯಿ. ಅದನ್ನು ಇಳಿಸಲು ಹೆಚ್ಚಾಗಿ ಬಳಸುವ ಕೆಬ್ರಾಂತ ಎಂಬ ದ್ರಾಕ್ಷಿ ನಮ್ಮ ಮಿಶನ್ ದ್ರಾಕ್ಷಿಯ ಮಗುವೇ. ಮಾಂಟ್ಗೊಮರಿ ರಸ್ತೆಯಲ್ಲಿ 1853ರಿಂದ ಇದ್ದ ಬ್ಯಾಂಕ್ ಎಕ್ಸ್‌ಚೇಂಜ್ ಎಂಬ ಪಾನಗೃಹದಲ್ಲಿ ಪಿಸ್ಕೊಗೆ ಅನಾನಸ್ಸು, ನಿಂಬೆ, ಸಕ್ಕರೆ ಬೆರೆಸಿ ಕೊಡುತ್ತಿದ್ದ ಪಂಚಿಗೆ ಊರೆಲ್ಲ ಮರುಳಾಗಿತ್ತು. 1889ರಲ್ಲಿ ಇಲ್ಲಿಗೆ ಬಂದ ಕಿಪ್ಲಿಂಗ್ ಕೂಡ ಅದನ್ನು ಹೊಗಳಿ ಬರೆದ. ಕೊನೆಯ ಮಾಲಿಕ ಡಂಕನ್ ನಿಕೋಲ್ ಪಾನನಿಷೇಧ ಬಂದಾಗ ಅಂಗಡಿ ಮುಚ್ಚಿದ. ಬೆರಕೆಯ ಗುಟ್ಟನ್ನು ಯಾರಿಗೂ ಹೇಳದೆ 1926ರಲ್ಲಿ ತೀರಿಕೊಂಡ. ಆ ಜಾಗದಲ್ಲೇ 1972ರಿಂದ ಟ್ರಾನ್ಸ್‌ಅಮೆರಿಕ ಪಿರಮಿಡ್ ನಿಂತಿದೆ. ಊರಿನಿಂದ ಬಂದವರಿಗೆ ಅದನ್ನು ತೋರಿಸುವಾಗ ಈ ಮಾತೂ ಹೇಳಬಹುದು.

ಮಿಶನ್ ದ್ರಾಕ್ಷಿಯ ವೈನು ತೆಳು ಬಣ್ಣದ್ದು, ಹುಳಿ ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೈಯಲ್ಲಿ ಕಾಸು ಓಡಾಡಿದವರಿಗೆ ಅದು ಹಳ್ಳಿಗಾಡಿನ ಪಾನೀಯವಾಗಿ ಕಂಡಿತು. ಚಿಲಿಯಲ್ಲಿ 1851ರಲ್ಲಿ ಸಿಲ್ವೆಸ್ತ್ರೆ ಒಚಗವೀಯ ಫ್ರಾನ್ಸಿನ ಬಳ್ಳಿಗಳನ್ನು ತರಿಸಿದ. ಮೆಂಡೋಸಾಕ್ಕೆ 1853ರ ಸುಮಾರಿಗೆ ಮಿಶೆಲ್ ಪುಜೆ ಎಂಬ ಫ್ರೆಂಚ್ ತಜ್ಞ ಮಾಲ್ಬೆಕ್ ತಂದ. ಸೊನೋಮದಲ್ಲಿ ಹಂಗೆರಿಯ ಹರಾಸ್ತಿ 1857ರಲ್ಲಿ ಬ್ಯೂನ ವಿಸ್ಟಾ ತೋಟ ತೆಗೆದ. ಮೂರು ಕಡೆಯೂ ಏಳು ವರ್ಷದೊಳಗೆ ಹಳೆಯ ಬಳ್ಳಿಗೆ ಹಿಂದಿನ ಸಾಲು, ಹೊಸ ನೆಂಟರಿಗೆ ಮುಂದಿನ ಸಾಲು.

ಅಷ್ಟರಲ್ಲಿ ಫಿಲಾಕ್ಸೆರ ಎಂಬ ಹೇನು ಬಂತು. ಕಣ್ಣಿಗೆ ಕಂಡೂ ಕಾಣದ ಈ ಕೀಟ ಬೇರಿನ ರಸ ಹೀರಿ ಬಳ್ಳಿಯನ್ನು ಕೊಲ್ಲುತ್ತದೆ. ಪೂರ್ವ ಅಮೆರಿಕದ ಕಾಡುದ್ರಾಕ್ಷಿಗಳಿಗೆ ಅದರ ಸಹವಾಸ ಹಳೆಯದು, ಅವು ತಾಳಿಕೊಳ್ಳುತ್ತವೆ. ಯೂರೋಪಿನ ದ್ರಾಕ್ಷಿಗೆ ಆ ಶಕ್ತಿಯಿಲ್ಲ. 1860ರ ದಶಕದಲ್ಲಿ ಅದು ಅಮೆರಿಕದ ಗಿಡಗಳ ಜೊತೆ ಫ್ರಾನ್ಸಿಗೆ ಹೋಗಿ ತೋಟಗಳನ್ನು ನೆಲಸಮ ಮಾಡಿತು. 1873ರಲ್ಲಿ ಸೊನೋಮದಲ್ಲೂ ಕಂಡಿತು. ಕೊನೆಗೆ ಸಿಕ್ಕ ಮದ್ದೆಂದರೆ ಅಮೆರಿಕದ ಬೇರಿಗೆ ಯೂರೋಪಿನ ಬಳ್ಳಿಯನ್ನು ಕಸಿ ಕಟ್ಟುವುದು. ಆದರೆ ಚಿಲಿಗೆ ಮಾತ್ರ ಹೇನು ಕಾಲಿಡಲಿಲ್ಲ. ಪೂರ್ವಕ್ಕೆ ಅಂಡೀಸ್, ಪಶ್ಚಿಮಕ್ಕೆ ಸಾಗರ, ಉತ್ತರಕ್ಕೆ ಅಟಕಾಮ ಮರುಭೂಮಿ ಎಂದು ಕೋಟೆಯೊಳಗಿನ ದೇಶ ಅದು. ಅಲ್ಲಿ ಇಂದಿಗೂ ಬಹುಪಾಲು ಬಳ್ಳಿ ಸ್ವಂತ ಬೇರಿನ ಮೇಲೆ ನಿಂತಿವೆ. ನಾಪಾದವರು ಇಷ್ಟೆಲ್ಲ ಪಾಠ ಕಲಿತೂ, ಸಾಕಷ್ಟು ತಾಳದ ಒಂದು ಕಸಿಬೇರನ್ನು ನಂಬಿ, 1980ರ ದಶಕದಲ್ಲಿ ಮತ್ತೊಮ್ಮೆ ಪೆಟ್ಟು ತಿಂದರು. ಆ ಕಾಲದಲ್ಲಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಇಪ್ಪತ್ತೊಂಬತ್ತನೆಯ ನಂಬರಿನ ರಸ್ತೆಯಲ್ಲಿ ಹೋದವರಿಗೆ, ಕಿತ್ತು ರಾಶಿ ಹಾಕಿದ ಬಳ್ಳಿಗಳು ನೆನಪಿರಬಹುದು.

ಫ್ರಾನ್ಸಿನಲ್ಲಿ ಹೇನಿನಿಂದ ಕಾಣೆಯಾದ ಕಾರ್ಮೆನೇರ್ ಎಂಬ ಬೋರ್ಡೊ ದ್ರಾಕ್ಷಿ ಚಿಲಿಯಲ್ಲಿ ಮೆರ್ಲೊ ಎಂಬ ಬೇರೆ ಹೆಸರಿನಡಿ ನೂರಕ್ಕೂ ಹೆಚ್ಚು ವರ್ಷ ಬದುಕಿತ್ತು. 1994ರ ನವೆಂಬರ್ 24ರಂದು ಫ್ರೆಂಚ್ ಸಸ್ಯತಜ್ಞ ಬುರ್ಸಿಕೊ ತೋಟದಲ್ಲಿ ನಡೆಯುತ್ತ ನಡೆಯುತ್ತ, ಇದು ಮೆರ್ಲೊ ಅಲ್ಲ ಎಂದು ಗುರುತು ಹಿಡಿದರು. ಊರೆಲ್ಲ ತೀರಿಕೊಂಡನೆಂದುಕೊಂಡವನು ಬೇರೊಂದು ಊರಿನಲ್ಲಿ ಬೇರೆಯವರ ಹೆಸರಿನಲ್ಲಿ ಸಂಸಾರ ಮಾಡಿಕೊಂಡಿದ್ದ ಹಾಗೆ!

ಮೆಂಡೋಸಾದ ಹವೆ ನಮ್ಮ ಬಯಲುಸೀಮೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಅಂಡೀಸ್ ಗೋಡೆಯ ಮಳೆಮರೆಯಲ್ಲಿರುವ ಆ ಊರಿಗೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ. ಚಿತ್ರದುರ್ಗವೂ ಅದರ ಮುಂದೆ ಮಲೆನಾಡು. ಬೆಟ್ಟದ ಹಿಮ ಕರಗಿದ ನೀರೇ ಜೀವ. ಆ ನೀರನ್ನು ಕಾಲುವೆ ತೋಡಿ ತಂದವರು ಹುವಾರ್ಪೆ ಜನ. ಸ್ಪೇನಿನವರು ಅದನ್ನೇ ಹಿಗ್ಗಿಸಿದರು. ಇಂದಿಗೂ ಊರಿನ ರಸ್ತೆಗಳ ಪಕ್ಕದಲ್ಲಿ ಕಾಲುವೆ ಹರಿಯುತ್ತದೆ. ತೋಟಗಳಿಗೆ ಸರದಿಯ ಮೇಲೆ ನೀರು ಬಿಡಲು ತೊಮೆರೊ ಎಂಬ ಕೆಲಸಗಾರನಿದ್ದಾನೆ. ಕೆರೆ ತೂಬಿನ ನಮ್ಮ ನೀರಗಂಟಿಯೇ ಇವನು. ಬೈಗುಳವೂ ಅಷ್ಟೇ ತಿನ್ನುತ್ತಾನೆಂದು ಊಹಿಸಬಹುದು. ಹಳೆಯ ತೋಟಗಳಲ್ಲಿ ಬಳ್ಳಿ ಹಬ್ಬಿಸುವುದು ಪರ್ರಾಲ್ ಎಂಬ ಏರ್ಪಾಟಿನ ಮೇಲೆ. ಅದು ನೇರವಾಗಿ ನಮ್ಮ ದ್ರಾಕ್ಷಿ ಚಪ್ಪರ. ಬೇಸಗೆಯ ಆಲಿಕಲ್ಲು ಮಳೆ ಒಂದು ಗಂಟೆಯಲ್ಲಿ ವರ್ಷದ ಬೆಳೆ ಒಯ್ಯುವುದರಿಂದ ಬಲೆ ಹೊದಿಸುತ್ತಾರೆ. ನಮಗೆ ಯುಗಾದಿ ಬರುವ ಹೊತ್ತಿಗೆ ಅಲ್ಲಿ ಹಣ್ಣಿನ ಕೊಯ್ಲು.

ಹಿರಿಯರ ಮಾತು ಅರ್ಧ ನಿಜವಾಗುವುದು ಇಲ್ಲಿಯೇ. 1980ರ ದಶಕದ ಆರಂಭದಲ್ಲಿ ಮೆಂಡೋಸಾದ ವೈನು ಮನೆತನದ ನಿಕೊಲಾಸ್ ಕತೇನ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೆ ಅತಿಥಿ ಅಧ್ಯಾಪಕರಾಗಿ ಬಂದರು. ಬಿಡುವಿನಲ್ಲಿ ನಾಪಾಕ್ಕೆ ಹೋಗಿ ಮೊಂಡಾವಿ ಮುಂತಾದವರ ಕೆಲಸ ನೋಡಿದರು. ಫ್ರೆಂಚರಿಗೆ ಸಮನಾಗಿ ಇವರು ನಿಲ್ಲಬಹುದಾದರೆ ತಾವೇಕೆ ನಿಲ್ಲಬಾರದೆಂಬ ಛಲ ಅವರಿಗೆ ಹಿಡಿಯಿತು. ಊರಿಗೆ ಮರಳಿ ತೋಟವನ್ನು ಬೆಟ್ಟದ ಕಡೆಗೆ ಏರಿಸುತ್ತ ಹೋದರು. 1992ರಲ್ಲಿ ಗ್ವಾಲ್ತಜ಼ಾರಿಯಲ್ಲಿ ಸುಮಾರು 1450 ಮೀಟರ್ ಎತ್ತರದಲ್ಲಿ ಬಳ್ಳಿ ನೆಟ್ಟರು. ಮುಳ್ಳಯ್ಯನಗಿರಿಗಿಂತ ಸಾಕಷ್ಟು ಕಡಿಮೆಯೇ. ಅಷ್ಟು ಚಳಿಯಲ್ಲಿ ಹಣ್ಣಾಗದೆಂದು ಅನುಮಾನಪಟ್ಟವರಿದ್ದರು. ಹಣ್ಣಾಯಿತು. ಹಗಲ ಪ್ರಖರ ಬೆಳಕಿಗೆ ಸಿಪ್ಪೆ ದಪ್ಪವಾಗಿ ಬಣ್ಣ ಕಟ್ಟುತ್ತದೆ, ರಾತ್ರಿಯ ತಂಪಿಗೆ ಹುಳಿ ಉಳಿಯುತ್ತದೆ. ಆ ದೀಪಾವಳಿಯ ಸೀಸೆಯಲ್ಲಿದ್ದದ್ದೂ ಇಂಥ ಎತ್ತರದ ಮಾಲ್ಬೆಕ್ಕೇ.

ಚಿಲಿಯ ಕಸಬ್ಲಾಂಕಾ ಕಣಿವೆಯನ್ನು ಅರಿಯಲು ನಮಗೆ ಪಾಠವೇ ಬೇಡ. ಹಂಬೋಲ್ಟ್ ಪ್ರವಾಹದ ತಣ್ಣೀರಿನ ಮೇಲೆ ಹುಟ್ಟಿದ ಮಂಜು ಬೆಳಿಗ್ಗೆ ಒಳನುಗ್ಗಿ ಮಧ್ಯಾಹ್ನ ಕರಗುತ್ತದೆ. ಗೋಲ್ಡನ್ ಗೇಟಿನ ಮಂಜಿಗೆ ಜುಲೈಯಲ್ಲಿ ಸ್ವೆಟರ್ ಹಾಕುವ ನಮ್ಮ ಅನುಭವವೇ ಅದು. ಭೂಕಂಪವೂ ಹಂಚಿಕೊಂಡದ್ದು: 2010ರ ಫೆಬ್ರವರಿ 27ರಂದು 8.8ರ ಭೂಕಂಪಕ್ಕೆ ಚಿಲಿಯಲ್ಲಿ ಸುಮಾರು ಹನ್ನೆರಡೂವರೆ ಕೋಟಿ ಲೀಟರ್ ವೈನು ನೆಲದ ಪಾಲಾಯಿತು.

ಈಗ ಊಟದ ಮಾತು, ಮಹಿಳಾ ವಿಭಾಗದವರು ಮುಖ್ಯವಾಗಿ ಕೇಳಿದ್ದು. ಪುಸ್ತಕಗಳೆಲ್ಲ ದನದ ಮಾಂಸವನ್ನೇ ಹೇಳುತ್ತವೆ. ಸುಟ್ಟ ಮಾಂಸದ ಅಸಾದೊ ಜೊತೆ ಮಾಲ್ಬೆಕ್ ಎಂಬುದು ಅರ್ಜೆಂಟೀನಾದ ಪದ್ಧತಿ. ನಮ್ಮ ಅಡಿಗೆಗೆ ಬೇಕಾದ ಸೂತ್ರ ಬೇರೆ. ಖಾರಕ್ಕೆ ಒಗರಾದ ಕೆಂಪು ವೈನು ಬೆರೆತರೆ ಬಾಯಿ ಉರಿಯುತ್ತದೆ. ಹುಣಿಸೆಯ ಹುಳಿಗೆ ಹುಳಿಯಿಲ್ಲದ ವೈನು ಸಪ್ಪೆಯಾಗುತ್ತದೆ. ಆದ್ದರಿಂದ ಚಿತ್ರಾನ್ನ, ಪುಳಿಯೋಗರೆಗಳಿಗೆ ಕಸಬ್ಲಾಂಕಾದ ಸೊವಿನ್ಯೊನ್ ಬ್ಲಾಂಕ್ ಹೊಂದುತ್ತದೆ. ಕಾರ್ಮೆನೇರ್‌ನಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿರು ಕಂಪು ಸಹಜವಾಗಿಯೇ ಇದೆ. ಖಾರ ತಗ್ಗಿಸಿದ ಎಣ್ಣೆಗಾಯಿಯೊಡನೆ ಅದನ್ನು ಇಟ್ಟು ನೋಡಿ. ಕೊಡಗಿನ ಸದಸ್ಯರು ಪಂದಿ ಕರಿಗೆ ಮಾಲ್ಬೆಕ್ ಸರಿಯೆಂದು ಸಾಕ್ಷಿ ನುಡಿದಿದ್ದಾರೆ. ಕಾಚಂಪುಳಿಯ ಗಟ್ಟಿ ಹುಳಿಗೆ ತಡೆಯುವ ತಾಕತ್ತು ಅದಕ್ಕಿದೆಯಂತೆ. ಉತ್ತರ ಅರ್ಜೆಂಟೀನಾದ ಸಾಲ್ತ ಪ್ರಾಂತ್ಯದ ತೊರ್ರೊಂತೆಸ್ ಎಂಬ ಬಿಳಿ ವೈನು ಹೂವಿನಂತೆ ಘಮಿಸುತ್ತದೆ. ಅದೂ ಮಿಶನ್ ದ್ರಾಕ್ಷಿಯ ಮಗು, ಮಸ್ಕಟ್ ಜೊತೆ ಕೂಡಿ ಹುಟ್ಟಿದ್ದು. ಅಲ್ಲಿ ಅದನ್ನು ಎಂಪನಾಡದೊಡನೆ ಕುಡಿಯುತ್ತಾರೆ. ಎಂಪನಾಡ ನೋಡಲು ಥೇಟು ನಮ್ಮ ಕರ್ಜಿಕಾಯಿ, ಹೂರಣ ಮಾತ್ರ ಖಾರದ್ದು. ಒಂದು ಸಂಜೆ ಅಕ್ಕಿರೊಟ್ಟಿ, ಕಾಯಿಚಟ್ನಿಯ ಜೊತೆ ಚಿಲಿಯ ಪಾಯಿಸನ್ನು ಸ್ವಲ್ಪ ತಂಪು ಮಾಡಿ ಕುಡಿದೆವು. ಇಷ್ಟು ಒಳ್ಳೆಯ ಸಂಬಂಧವನ್ನು ಯಾವ ಪುರೋಹಿತರೂ ಕೂಡಿಸಲಾರರು. ಅಲ್ಲಿನ ಮೌಲೆ, ಇತಾತ ಕಣಿವೆಗಳ ಸಣ್ಣ ರೈತರು ಬಿಡದೆ ಉಳಿಸಿಕೊಂಡ ಮುದಿಬಳ್ಳಿಗಳನ್ನು ಈಗ ಹೆಸರಾಂತ ಕಂಪನಿಗಳೂ ಹುಡುಕಿಕೊಂಡು ಹೋಗುತ್ತಿವೆ. ಮೊಸರನ್ನಕ್ಕೆ ಯಾವ ವೈನೂ ಬೇಡ.

ಮಕ್ಕಳಿಗೂ ಕುಡಿಯದವರಿಗೂ ಆ ದಿನ ಕಾಂಕರ್ಡ್ ದ್ರಾಕ್ಷಿಯ ಹಣ್ಣಿನ ರಸ ಇಟ್ಟಿದ್ದರು. ಹಿರಿಯರು ಒಂದು ಗುಟುಕು ಕುಡಿದು, "ಇದು ನಮ್ಮ ಬೆಂಗಳೂರು ಬ್ಲೂ ವಾಸನೆ!" ಎಂದರು. ಅವರ ಮೂಗು ಸುಳ್ಳು ಹೇಳಲಿಲ್ಲ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ತಲೆಮಾರುಗಳಿಂದ ಬೆಳೆದ, 2013ರ ಸುಮಾರಿಗೆ ಭೌಗೋಳಿಕ ಗುರುತನ್ನೂ ಪಡೆದ ಬೆಂಗಳೂರು ಬ್ಲೂ ಎಂದರೆ ಇಸಬೆಲ್ಲಾ ಎಂಬ ಅಮೆರಿಕದ ದ್ರಾಕ್ಷಿ. ಕಾಂಕರ್ಡ್ ಅದರ ಹತ್ತಿರದ ನೆಂಟ. ಈ ಕುಲದ ಕಂಪನ್ನು ಇಲ್ಲಿನವರು ನರಿವಾಸನೆ ಎಂದು ಕರೆದು ಮೂಗು ಮುರಿಯುತ್ತಾರೆ. ಫ್ರೆಂಚ್ ಸರ್ಕಾರ 1935ರಲ್ಲಿ ಇಸಬೆಲ್ಲಾ ಬೆಳೆಯುವುದನ್ನೇ ನಿಷೇಧಿಸಿತು. ಆದರೆ ದಕ್ಷಿಣ ಬ್ರೆಜ಼ಿಲ್‌ನ ಗುಡ್ಡಗಳಿಗೆ 1875ರಿಂದ ವಲಸೆ ಬಂದ ಇಟಲಿಯ ಬಡ ರೈತರನ್ನು ಹೊಟ್ಟೆ ಹೊರೆದದ್ದು ಇದೇ ದ್ರಾಕ್ಷಿ. ಅಲ್ಲಿ ಅದರ ಹೆಸರು ಇಸಬೆಲ್, ಇಂದಿಗೂ ಅದರಿಂದ ವೈನೂ ರಸವೂ ಆಗುತ್ತವೆ. ನಮ್ಮಲ್ಲಿ ಚಳಿಗಾಲದ ನಿದ್ದೆ ಇಲ್ಲದ ಕಾರಣ ಅದೇ ಬಳ್ಳಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಇದನ್ನು ಕೇಳಿದರೆ ಬ್ರೆಜ಼ಿಲ್‌ನವರಿಗೆ ಹೊಟ್ಟೆಕಿಚ್ಚಾದೀತು.

ಹಿರಿಯರು ಹೋದ ತಿಂಗಳು ಊರು ಸೇರಿದರು. ಈ ಲೇಖನದ ಕರಡನ್ನು ಮಗಳ ಮೂಲಕ ಅವರಿಗೆ ಓದಿಸಿದೆವು. ಅವರ ಉತ್ತರ ನಾಲ್ಕೇ ಸಾಲು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಿನ ಚಪ್ಪರಗಳೆಲ್ಲ ಒಂದೊಂದಾಗಿ ಸೈಟುಗಳಾದವಂತೆ. ಅವರ ತಮ್ಮನ ಎರಡೆಕರೆಯೂ ಹೋಯಿತಂತೆ. ಚಪ್ಪರದ ಕಲ್ಲುಕಂಬಗಳನ್ನು ಯಾರೂ ಕೊಳ್ಳಲಿಲ್ಲವಾದ್ದರಿಂದ ಮನೆಯ ಹಿತ್ತಲಲ್ಲಿ ಅಡ್ಡ ಮಲಗಿಸಿದ್ದಾರೆ. ಅದರ ಪಕ್ಕದಲ್ಲಿ ಒಂದು ಬಳ್ಳಿ ತಾನಾಗಿ ಚಿಗುರಿದೆ, ಕಡ್ಡಿ ಬೇಕಾದರೆ ತಿಳಿಸಿ ಎಂದು ಬರೆದಿದ್ದಾರೆ.